ಜಾತ್ರೆಯಲ್ಲಿ ತುಂಬುವ ಹುಂಡಿ, ಆಷಾಢದಲ್ಲಿ ಬರಿದಾಗುವ ಅಡುಗೆಮನೆ

ಉತ್ತರ ಕನ್ನಡದ ಕರಾವಳಿಯಲ್ಲಿ ಬಡಮನೆಗೆ ಕಷ್ಟ ಬಂದರೆ ಮೊದಲು ನೆನಪಾಗುವುದು ತಾಲೂಕು ಕಚೇರಿಯಲ್ಲ. ದೇವಸ್ಥಾನದ ಮೊಕ್ತೇಸರರು, ಜಮಾತಿನ ಹಿರಿಯರು, ಚರ್ಚಿನ ಫಾದರ್, ಇವರಲ್ಲಿ ಒಬ್ಬರ ಬಳಿ ಹೋಗಿ ಕಷ್ಟ ಹೇಳಿಕೊಳ್ಳುವುದೇ ರೂಢಿ. ಅಲ್ಲಿ ಅರ್ಜಿ ಬರೆಯಬೇಕಾಗಿಲ್ಲ, ಅದೇ ದಿನ ಏನಾದರೊಂದು ಕೈಗೆ ಸಿಗುತ್ತದೆ. ಈ ನಂಬಿಕೆ ಒಂದೆರಡು ವರ್ಷದಲ್ಲಿ ಬೆಳೆದದ್ದೂ ಅಲ್ಲ. ಭಟ್ಕಳದ ಮುಸ್ಲಿಂ ಸಂಸ್ಥೆಗಳಾದ ಮಜ್ಲಿಸೆ ಇಸ್ಲಾಹ್ ವ ತಂಜೀಮ್ 1912ರಿಂದ, ಅಂಜುಮನ್ ಹಾಮಿ-ಎ-ಮುಸ್ಲಿಮೀನ್ 1919ರಿಂದ ಇವೆ. ಕಾರವಾರ ಕಥೊಲಿಕ ಧರ್ಮಪ್ರಾಂತ್ಯ 1976ರಲ್ಲಿ ಸ್ಥಾಪನೆಯಾಯಿತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಬೆಳ್ತಂಗಡಿಯಲ್ಲಿ ಶುರುವಾಗಿ ಮುಂದೆ ಈ ಜಿಲ್ಲೆಗೂ ಬಂತು. ಇಡಗುಂಜಿ, ಗೋಕರ್ಣಗಳಲ್ಲಿ ಮಧ್ಯಾಹ್ನದ ಪ್ರಸಾದ ಭೋಜನಕ್ಕೆ ಯಾರು ಬಂದರೂ ಎಲೆ ಹಾಕುತ್ತಾರೆ.

ಕೊಡುವ ಕೈಗಳಿಗೆ ಇಲ್ಲಿ ಬರವಿಲ್ಲ. ಆದರೆ ದಾನ ಹೊರಡುವುದು ಕೊಡುವವರ ಹಬ್ಬದ ದಿನ. ಅದು ಹೋಗುವುದು ಅವರಿಗೆ ಗುರುತಿರುವ ಮನೆಗೆ, ಅವರಿಗೆ ಕೊಡಲು ಸುಲಭವಾದ ರೂಪದಲ್ಲಿ. ಪಡೆಯುವ ಮನೆಯ ತಿಂಗಳ ಲೆಕ್ಕ ಬೇರೆಯೇ ಇರುತ್ತದೆ. ಯಾವಾಗ, ಯಾರಿಗೆ, ಏನನ್ನು ಎಂಬ ಈ ಮೂರನ್ನು ಸರಿಪಡಿಸಿದರೆ ಹೊಸದಾಗಿ ವಂತಿಗೆ ಎತ್ತದೆ, ಈಗಿರುವ ಹಣದಲ್ಲೇ ಇನ್ನೂ ಎಷ್ಟೋ ಮನೆಗಳು ದಡ ಸೇರಬಹುದು ಎಂಬುದು ಈ ಲೇಖನದ ವಾದ.

ಹಣ ಬರುವ ತಿಂಗಳು, ಹಣ ಬೇಕಾದ ತಿಂಗಳು

ಕರಾವಳಿಯ ಧಾರ್ಮಿಕ ಸಂಸ್ಥೆಗಳಿಗೆ ಆದಾಯ ಬರುವುದು ಬಹುಪಾಲು ಒಣ ತಿಂಗಳುಗಳಲ್ಲಿ. ಗೋಕರ್ಣಕ್ಕೆ ಶಿವರಾತ್ರಿ, ಊರೂರಿನ ತೇರು, ಬಂಡಿಹಬ್ಬ ಎಲ್ಲ ಮಳೆ ಬೀಳುವ ಮೊದಲೇ ಮುಗಿಯುತ್ತವೆ. ಶಿರಸಿ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದೂ ಬೇಸಿಗೆಯ ಬಾಗಿಲಲ್ಲಿ. ಕ್ರೈಸ್ತರ ತಪಸ್ಸಿನ ಕಾಲದ ಕಾಣಿಕೆ ಈಸ್ಟರ್‌ಗೆ ಮೊದಲಿನ ನಲವತ್ತು ದಿನಗಳದ್ದು. ಮುಸ್ಲಿಮರು ಸಂಪತ್ತಿನಲ್ಲಿ ಕಡ್ಡಾಯವಾಗಿ ಕೊಡುವ ಪಾಲಾದ ಝಕಾತನ್ನು ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದಾದರೂ ಹೆಚ್ಚಿನವರು ಲೆಕ್ಕ ಹಾಕಿ ಕೊಡುವುದು ರಂಜಾನಿನಲ್ಲಿ. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಚಾಂದ್ರಮಾನದ ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2016ರಲ್ಲಿ ಅದು ಜೂನ್ ಮತ್ತು ಜುಲೈ ತಿಂಗಳಲ್ಲಿತ್ತು. ಆಗ ಝಕಾತಿನ ಹಣ ಮಳೆಗಾಲದ ಬಡತನದ ಹೊತ್ತಿಗೇ ಮನೆ ಸೇರುತ್ತಿತ್ತು. 2026ರಲ್ಲಿ ರಂಜಾನ್ ಬಂದದ್ದು ಫೆಬ್ರುವರಿ ಮತ್ತು ಮಾರ್ಚ್‌ನಲ್ಲಿ. ಯಾರೂ ತಪ್ಪು ಮಾಡದೆಯೇ ಹತ್ತು ವರ್ಷದಲ್ಲಿ ನೆರವಿಗೂ ಅಗತ್ಯಕ್ಕೂ ನಡುವೆ ಮೂರು ತಿಂಗಳಿಗೂ ಹೆಚ್ಚು ಅಂತರ ಬಿದ್ದಿದೆ.

ಕಷ್ಟ ಮಾತ್ರ ಜೂನ್ ಒಂದಕ್ಕೇ ಬರುತ್ತದೆ. ಅಂದಿನಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಬೈತಖೋಲ, ತದಡಿ, ಕಾಸರಕೋಡ, ಭಟ್ಕಳ ಬಂದರುಗಳಲ್ಲಿ ಬೋಟು ಕಟ್ಟಿದರೆ ದುಡಿಮೆ ನಿಲ್ಲುವುದು ಬೋಟಿನವರದ್ದಷ್ಟೇ ಅಲ್ಲ. ಬುಟ್ಟಿ ಹೊತ್ತು ಮೀನು ಮಾರುವವರು, ಐಸ್ ಪ್ಲಾಂಟಿನ ಕೂಲಿಗಳು, ಬಲೆ ಹೆಣೆಯುವವರು, ಲಾರಿಗೆ ತುಂಬುವವರು ಎಲ್ಲರೂ ಕೂರುತ್ತಾರೆ. ಸರ್ಕಾರದ ಉಳಿತಾಯ ಪರಿಹಾರ ಯೋಜನೆಯಲ್ಲಿ ಮೀನುಗಾರ ತನ್ನ ಪಾಲಿಗೆ 1,500 ರೂ. ಕಟ್ಟಿದರೆ ಕೇಂದ್ರ, ರಾಜ್ಯಗಳ ಪಾಲು ಸೇರಿ 4,500 ರೂ. ಸಿಗುತ್ತದೆ. ಅದು ಹೆಸರು ನೋಂದಾಯಿಸಿದ ಮೀನುಗಾರರಿಗೆ. ಐಸ್ ಹೊಡೆಯುವವನು ಆ ಪಟ್ಟಿಯಲ್ಲಿ ಇರುವುದಿಲ್ಲ. ಕಟ್ಟಡ ಕೆಲಸವೂ ಮಳೆಗೆ ನಿಲ್ಲುತ್ತದೆ. ಮಕ್ಕಳಿಗೆ ಕಾಲೇಜಿನ ಪ್ರವೇಶ ಶುಲ್ಕ ಕಟ್ಟುವ ತಿಂಗಳೂ ಅದೇ. ಸೋರುವ ಮಾಡಿಗೆ ಟಾರ್ಪಾಲ್ ತರಬೇಕಾದ್ದೂ ಆಗಲೇ, ಜ್ವರ ಬರುವುದೂ ಆಗಲೇ.

ಪರಿಹಾರ ಸರಳ, ಆದರೆ ಠರಾವು ಬೇಕು. ಜಾತ್ರೆ ಅಥವಾ ತಪಸ್ಸಿನ ಕಾಲದ ಕಾಣಿಕೆ ಎಣಿಸಿದ ದಿನವೇ ನೆರವಿನ ಪಾಲನ್ನು ಬೇರೆ ಉಳಿತಾಯ ಖಾತೆಗೆ ಹಾಕಿ, ಅದನ್ನು ಜೂನ್, ಜುಲೈ, ಆಗಸ್ಟ್‌ಗಳಲ್ಲಿ ಮೂರು ಕಂತಾಗಿ ಬಿಡುವುದೆಂದು ಅಂದೇ ಬರೆದಿಡಬೇಕು. ಹಾಗೆ ಬರೆಯದೆ ಇಟ್ಟ ಹಣ ಏಪ್ರಿಲ್‌ನಲ್ಲಿ ಹೆಬ್ಬಾಗಿಲಿನ ಗ್ರಾನೈಟಿಗೋ ಧ್ವನಿವರ್ಧಕಕ್ಕೋ ಹೋಗುತ್ತದೆ. ಝಕಾತಿನ ವಿಷಯದಲ್ಲಿ ತೊಡಕು ಬೇರೆ. ಒಂದು ಚಾಂದ್ರ ವರ್ಷ ಕೈಯಲ್ಲಿ ಉಳಿದ, ನಿಸಾಬ್ ಎಂಬ ಕನಿಷ್ಠ ಮಿತಿ ಮೀರಿದ ಸಂಪತ್ತಿನ ಶೇ 2.5ರಷ್ಟನ್ನು ಅರ್ಹರ ಒಡೆತನಕ್ಕೇ ಒಪ್ಪಿಸಬೇಕು, ತಡಮಾಡಬಾರದು ಎಂಬುದು ವಿದ್ವಾಂಸರ ಸಾಮಾನ್ಯ ನಿಲುವು. ಅದನ್ನು ಸಮುದಾಯದ ನಿಧಿಯಾದ ಬೈತುಲ್ ಮಾಲ್‌ನಲ್ಲಿ ಜೂನ್‌ವರೆಗೆ ಇಟ್ಟುಕೊಳ್ಳುವುದಕ್ಕಿಂತ ರಂಜಾನಿನಲ್ಲೇ ಕುಟುಂಬದ ಹೆಣ್ಣುಮಗಳ ಬ್ಯಾಂಕ್ ಖಾತೆಗೆ ಹಾಕಿ, ಮಳೆಗಾಲದ ಖರ್ಚಿಗೆಂದು ಮಾತಾಡಿಕೊಳ್ಳುವುದು ಒಂದು ದಾರಿ. ಸದಖಾ ಎಂಬ ಸ್ವಇಚ್ಛೆಯ ದಾನಕ್ಕೆ ಈ ಕಟ್ಟುಪಾಡಿಲ್ಲ. ಆದ್ದರಿಂದ ಮಳೆಗಾಲದ ನಿಧಿಗೆ ಸದಖಾವನ್ನು ಬಳಸಿ, ಝಕಾತನ್ನು ಅದರ ಹೊತ್ತಿಗೇ ಮುಗಿಸುವುದು ಇನ್ನೂ ಸಲೀಸು. ಇಂಥದ್ದನ್ನು ಸ್ಥಳೀಯ ಉಲೇಮಾಗಳನ್ನು ಕೇಳಿಯೇ ನಿರ್ಧರಿಸಬೇಕು, ಸಮಿತಿಯ ಖಜಾಂಚಿ ತಾನಾಗಿ ತೀರ್ಮಾನಿಸುವಂಥದ್ದಲ್ಲ.

ಕಿಟ್‌ನಲ್ಲಿ ಅಕ್ಕಿ ಏಕೆ ಬೇಡ

ಬಡಮನೆಗಳಿಗೆ ಹಂಚುವ ದಿನಸಿ ಕಿಟ್ ಕಟ್ಟುವವರು ಅಕ್ಕಿಯಿಂದ ಶುರುಮಾಡುತ್ತಾರೆ. ಚೀಲ ದಪ್ಪವಾಗಿ ಕಾಣುತ್ತದೆ, ಅನ್ನದಾನದ ಭಾವವೂ ಅದರಲ್ಲಿದೆ. ಆದರೆ ಬಿಪಿಎಲ್ ಕಾರ್ಡ್ ಇರುವ ಮನೆಗೆ ಆಹಾರ ಭದ್ರತಾ ಕಾಯ್ದೆಯಡಿ ತಲೆಗೆ ತಿಂಗಳಿಗೆ 5 ಕೆ.ಜಿ. ಧಾನ್ಯ, ಅಂತ್ಯೋದಯ ಕುಟುಂಬಕ್ಕೆ 35 ಕೆ.ಜಿ. ಬರುತ್ತಲೇ ಇದೆ. ಆ ಕಾಯ್ದೆಯ ಪಾಲಿನಲ್ಲಿ ಇಲ್ಲದಿರುವುದು ಬೇಳೆ, ಎಣ್ಣೆ, ಕಾಯಿ, ಮೀನು. ನಾಲ್ಕು ಜನರ ಮನೆಗೆ ತಿಂಗಳ ಕಿಟ್‌ನಲ್ಲಿ 1 ಕೆ.ಜಿ. ತೊಗರಿಬೇಳೆ ಇಟ್ಟರೆ ತಲೆಗೆ ದಿನಕ್ಕೆ 8 ಗ್ರಾಂ ಆಯಿತು, ಸಾರಿನಲ್ಲಿ ಹುಡುಕಿದರೂ ಸಿಗದಷ್ಟು. ತಲೆಗೆ 50 ಗ್ರಾಂ ಹಿಡಿದರೆ ತಿಂಗಳಿಗೆ 6 ಕೆ.ಜಿ. ಬೇಕು. ಎಲ್ಲವೂ ತೊಗರಿಯೇ ಆಗಬೇಕಿಲ್ಲ. 2 ಕೆ.ಜಿ. ತೊಗರಿ, 2 ಕೆ.ಜಿ. ಹೆಸರುಕಾಳು, 2 ಕೆ.ಜಿ. ಕಡಲೆ ಅಥವಾ ಹುರುಳಿ ಇಟ್ಟರೆ ಖರ್ಚೂ ಹಿಡಿತದಲ್ಲಿರುತ್ತದೆ. ಇದರ ಜೊತೆ 2 ಲೀಟರ್ ಎಣ್ಣೆ, ಹತ್ತು ತೆಂಗಿನಕಾಯಿ, ಬೆಲ್ಲ, ಅಯೋಡಿನ್ ಉಪ್ಪು, ಮೆಣಸು, ಕೊತ್ತಂಬರಿ, ಹುಣಸೆ. ಮೀನು ತಿನ್ನುವ ಮನೆಯಾದರೆ ಮಳೆಗಾಲಕ್ಕೆ ಒಣಮೀನು. ಬಟ್ಟೆ ತೊಳೆಯುವ ಸೋಪು ಮತ್ತು ಹೆಣ್ಣುಮಕ್ಕಳ ಪ್ಯಾಡು ಹೆಚ್ಚಿನ ಕಿಟ್‌ಗಳಲ್ಲಿ ಇರುವುದೇ ಇಲ್ಲ. ಕೇಳಲು ಸಂಕೋಚಪಡುವ ವಸ್ತುವನ್ನು ಕೇಳದೆಯೇ ಇಡುವುದು ಒಳ್ಳೆಯದು.

ಅಕ್ಕಿ ಕೊಡಲೇಬೇಕಾದ ಮನೆಗಳೂ ಇವೆ: ಕಾರ್ಡ್ ಇಲ್ಲದವರು, ಕಾರ್ಡ್ ರದ್ದಾದವರು, ಕೆವೈಸಿ (ಆಧಾರ್ ಮೂಲಕ ಗುರುತು ದೃಢಪಡಿಸುವುದು) ಆಗದೆ ಹೆಸರು ನಿಂತುಹೋದವರು. ಅವರಿಗೆ ಕೊಡುವಾಗ ಕುಚ್ಚಲಕ್ಕಿ ಕೊಡಿ. ಕಡಲತೀರದ ಗಂಜಿ ಕುಡಿಯುವ ಮನೆಗಳಲ್ಲಿ ಬಿಳಿಯ ಬೆಳ್ತಿಗೆ ಅಕ್ಕಿ ಹೊಟ್ಟೆಯಲ್ಲಿ ನಿಲ್ಲುವುದಿಲ್ಲವೆಂದು ಮಾರಿ ಕುಚ್ಚಲಕ್ಕಿ ತರುತ್ತಾರೆ, ಆ ಮಾರಾಟದಲ್ಲಿ ನಷ್ಟ ಅವರದ್ದೇ. ಈದ್‌ನ ಕಡ್ಡಾಯ ದಾನವಾದ ಫಿತ್ರಾದಲ್ಲೂ ಇದೇ ಮಾತು. ಭಟ್ಕಳದ ನವಾಯತ ಮುಸ್ಲಿಮರು ಅನುಸರಿಸುವ ಶಾಫಿ ಪಂಥದಲ್ಲಿ ಫಿತ್ರಾವನ್ನು ಊರಿನ ಮುಖ್ಯ ಧಾನ್ಯದ ರೂಪದಲ್ಲೇ, ತಲೆಗೆ ಸುಮಾರು ಎರಡೂವರೆಯಿಂದ ಮೂರು ಕೆ.ಜಿ.ಯಂತೆ ಕೊಡುತ್ತಾರೆ. ಈದ್ ಹಿಂದಿನ ರಾತ್ರಿ ಎಲ್ಲರೂ ಒಂದೇ ಕೇರಿಗೆ ಹೋದರೆ ಕೆಲವು ಮನೆಯಲ್ಲಿ ಕ್ವಿಂಟಲ್‌ಗಟ್ಟಲೆ ಅಕ್ಕಿ ಸೇರುತ್ತದೆ, ಪಕ್ಕದ ಕೇರಿಗೆ ಒಂದು ಸೇರೂ ಹೋಗುವುದಿಲ್ಲ. ಮೊಹಲ್ಲಾವಾರು ಸಂಗ್ರಹಿಸಿ ಮನೆಗಳ ಪಟ್ಟಿಯಂತೆ ಹಂಚಿದರೆ ಇದು ತಪ್ಪುತ್ತದೆ.

ಕಿಟ್‌ಗಿಂತ ಕೂಪನ್ ಮೇಲು ಎಂಬುದು ನಮ್ಮ ಅಭಿಪ್ರಾಯ. ಸಾಲಿನಲ್ಲಿ ನಿಲ್ಲಿಸಿ, ಬ್ಯಾನರ್ ಮುಂದೆ ಚೀಲ ಹಿಡಿಸಿ ಫೋಟೊ ತೆಗೆಯುವುದು ಕುಮಟಾ, ಅಂಕೋಲಾದಂಥ ಸಣ್ಣ ಪೇಟೆಗಳಲ್ಲಿ ಒಂದು ಮನೆಯ ಮರ್ಯಾದೆಯನ್ನೇ ತೆಗೆದಂತೆ. ಮದುವೆಯ ವಯಸ್ಸಿಗೆ ಬಂದ ಮಗಳಿರುವ ಮನೆಯವರು ಅದಕ್ಕೇ ಹಸಿದಿದ್ದರೂ ಬರುವುದಿಲ್ಲ. ಊರಿನ ಕಿರಾಣಿ ಅಂಗಡಿಯಲ್ಲಿ ಎಲ್ಲ ಗಿರಾಕಿಗಳಂತೆ ಸಾಮಾನು ತರಲು ಬರುವ 1,000 ಅಥವಾ 1,500 ರೂ. ಚೀಟಿ ಕೊಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇದರಲ್ಲಿ ಕೆಡುವುದು ಒಂದೇ ಕಡೆ: ಆ ಮನೆಗೆ ಅದೇ ಅಂಗಡಿಯಲ್ಲಿ ಉದ್ರಿ ಇರುತ್ತದೆ, ಅಂಗಡಿಯವರು ಚೀಟಿಯನ್ನು ಹಳೆ ಬಾಕಿಗೆ ಜಮಾ ಮಾಡಿಕೊಳ್ಳುತ್ತಾರೆ. ಚೀಟಿಯ ಮೇಲೆಯೇ 'ಹಳೆ ಬಾಕಿಗೆ ಜಮಾ ಮಾಡುವಂತಿಲ್ಲ, ಸಾಮಾನು ಕೊಟ್ಟ ಬಿಲ್ ಇದ್ದರೆ ಮಾತ್ರ ಪಾವತಿ' ಎಂದು ಅಚ್ಚು ಹಾಕಿಸಿ, ಕನಿಷ್ಠ ಎರಡು ಅಂಗಡಿಗಳಲ್ಲಿ ನಡೆಯುವಂತೆ ಮಾಡಬೇಕು.

ಅನ್ನದಾನದ ಬಗ್ಗೆಯೂ ಒಂದು ಮಾತು. ಮಧ್ಯಾಹ್ನ ಹನ್ನೆರಡೂವರೆಗೆ ಬಡಿಸುವ ಊಟ ಯಾತ್ರಿಕರಿಗೆ ಸರಿಯಾದ ಹೊತ್ತು. ಕೂಲಿಗೆ ಹೋದವರಿಗೆ ಆಗ ಕೆಲಸ ಬಿಟ್ಟು ಬರಲಾಗದು. ಅವರ ಮನೆಯಲ್ಲಿರುವ ಮುದುಕರಿಗೆ ದೇವಸ್ಥಾನದವರೆಗೆ ನಡೆಯಲಾಗದು. ಅದೇ ಒಲೆಯಲ್ಲಿ ಇನ್ನೆರಡು ಸೇರು ಹೆಚ್ಚು ಬೇಯಿಸಿ, ಒಂಟಿ ವೃದ್ಧರ ಮನೆಗಳಿಗೆ ಡಬ್ಬಿ ಕಳಿಸುವುದಕ್ಕೆ ಬೇಕಾದದ್ದು ಒಂದು ಸ್ಕೂಟರ್ ಮತ್ತು ಒಬ್ಬ ಹುಡುಗ.

ಆಸ್ಪತ್ರೆ: ಹೆಚ್ಚು ಹಣ ಸೋರುವ ಜಾಗ

ಧಾರ್ಮಿಕ ಸಂಸ್ಥೆಗಳ ಮುಂದೆ ಬರುವ ದೊಡ್ಡ ಮೊತ್ತದ ಬೇಡಿಕೆ ಚಿಕಿತ್ಸೆಯದ್ದು. ಕಾರವಾರದಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ. ಆದರೂ ಹೃದಯ, ನರ, ಕ್ಯಾನ್ಸರ್ ಎಂದರೆ ಜನ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾದ ಬಾಂಬೋಳಿಯ ವೈದ್ಯಕೀಯ ಕಾಲೇಜಿನ ಕಡೆ ಹೊರಡುತ್ತಾರೆ. 2022ರ ಜುಲೈ 20ರಂದು ಹೊನ್ನಾವರದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತ ಮೇಲೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಕೂಗು ಜಿಲ್ಲೆಯ ತುಂಬ ಎದ್ದದ್ದು ಎಲ್ಲರಿಗೂ ನೆನಪಿದೆ. ಗೋವಾ ವೈದ್ಯಕೀಯ ಕಾಲೇಜು 2018ರ ಜನವರಿಯಿಂದ ಹೊರರಾಜ್ಯದವರಿಗೆ ಶುಲ್ಕ ವಿಧಿಸತೊಡಗಿದ್ದರಿಂದ ಕಾರವಾರದವರಿಗೆ ಹತ್ತಿರದ ಆ ಬಾಗಿಲೂ ಮೊದಲಿನಷ್ಟು ಅಗ್ಗವಾಗಿ ಉಳಿದಿಲ್ಲ.

ಇಲ್ಲಿ ತಪ್ಪುವ ಕ್ರಮ ಹೀಗೆ. ರೋಗಿಗೆ ಎದೆನೋವು ಹಳೆಯದು, ಯಾರೋ ದೊಡ್ಡ ಆಸ್ಪತ್ರೆಯ ಹೆಸರು ಹೇಳುತ್ತಾರೆ, ಮನೆಯವರು ಕಾರು ಮಾಡಿಕೊಂಡು ನೇರ ಹೋಗುತ್ತಾರೆ. ಅಲ್ಲಿ ಮುಂಗಡ ಕೇಳುತ್ತಾರೆ. ಬಂಗಾರ ಅಡವಿಟ್ಟು ಕಟ್ಟುತ್ತಾರೆ. ಮೂರನೇ ದಿನ ದೇವಸ್ಥಾನಕ್ಕೋ ಮಸೀದಿಗೋ ಚರ್ಚಿಗೋ ಫೋನು ಬರುತ್ತದೆ. ಸಂಸ್ಥೆ 20,000 ಕೊಡುತ್ತದೆ. ಇಷ್ಟೆಲ್ಲ ಆದ ಮೇಲೆ ಆ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಹಕ್ಕಿತ್ತೆಂದು ಗೊತ್ತಾಗುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಂತೆ ವರ್ಷಕ್ಕೆ 1.5 ಲಕ್ಷದವರೆಗೆ ಸಿಗುವ ಈ ಯೋಜನೆಯಲ್ಲಿ ಕೈಯಿಂದ ಕಟ್ಟಿದ ಬಿಲ್ಲನ್ನು ಆಮೇಲೆ ಹಿಂದಿರುಗಿಸುವ ಪದ್ಧತಿ ಇಲ್ಲ.

ಸರಿಯಾದ ಕ್ರಮ ಬೇರೆ. ತುರ್ತು ಅಲ್ಲದ ಕಾಯಿಲೆಯಾದರೆ ಮೊದಲು ತಾಲೂಕು ಆಸ್ಪತ್ರೆಗೆ ಅಥವಾ ಕಾರವಾರದ ಜಿಲ್ಲಾ ಆಸ್ಪತ್ರೆಗೆ ಹೋಗಿ ತೋರಿಸಬೇಕು. ಅಲ್ಲಿ ಆಗದ ಚಿಕಿತ್ಸೆ ಎಂದಾದರೆ ರೆಫರಲ್ ಪತ್ರ ಕೊಡುತ್ತಾರೆ. ಯೋಜನೆಗೆ ಒಳಪಟ್ಟ ಆಸ್ಪತ್ರೆಗೆ ಆ ಪತ್ರ, ರೇಷನ್ ಕಾರ್ಡ್ ಮತ್ತು ಆಧಾರ್‌ನ ಮೂಲಪ್ರತಿ ಒಯ್ದು, ಬಿಲ್ಲಿಂಗ್ ಕೌಂಟರ್‌ಗೆ ಹೋಗುವ ಮೊದಲು ಯೋಜನೆಯ ಪರವಾಗಿ ಆಸ್ಪತ್ರೆಯಲ್ಲಿ ಕೂರುವ ಆರೋಗ್ಯಮಿತ್ರರನ್ನು ಕಾಣಬೇಕು. ಅವರ ಮೂಲಕ ಪೂರ್ವಾನುಮತಿ ಬಂದ ಮೇಲೆಯೇ ದಾಖಲಾತಿ. ಸಾಮಾನ್ಯ ವಾರ್ಡ್ ಬೇಡ, ಸ್ಪೆಷಲ್ ರೂಮ್ ಬೇಕು ಎಂದರೆ ಯೋಜನೆ ಕೈಬಿಡುತ್ತದೆ. ಹೃದಯಾಘಾತ, ಅಪಘಾತದಂಥ ತುರ್ತು ಸಂದರ್ಭಗಳಿಗೆ ರೆಫರಲ್ ಬೇಕಿಲ್ಲ, ಆದರೆ ಆಗಲೂ ಆರೋಗ್ಯಮಿತ್ರರಿಗೆ ಕಾರ್ಡ್ ತೋರಿಸುವುದನ್ನು ಮರೆಯಬಾರದು. ಗಡಿಬಿಡಿಯಲ್ಲಿ ಕಾರ್ಡ್ ಮನೆಯಲ್ಲೇ ಉಳಿಯುತ್ತದೆ. ಆಗ ಮನೆಯಲ್ಲಿದ್ದವರು ಫೋಟೊ ತೆಗೆದು ಕಳಿಸಿ, ಮೂಲಪ್ರತಿಯನ್ನು ರಾತ್ರಿಯ ಬಸ್ಸಿನಲ್ಲಿ ಮುಟ್ಟಿಸಬೇಕು.

ಹಾಗಾದರೆ ದಾನದ ಹಣ ಎಲ್ಲಿ ಬೇಕು? ಯೋಜನೆ ಮುಟ್ಟದ ಕಡೆ. ಪೂರ್ವಾನುಮತಿಗೆ ಮೊದಲಿನ ಸ್ಕ್ಯಾನ್, ಜೊತೆಗೆ ಬಂದವರ ಊಟ ಮತ್ತು ವಸತಿ, ಊರಿಗೆ ಮರಳುವ ಗಾಡಿ, ಮರುಭೇಟಿಯ ಖರ್ಚು, ಎರಡು ತಿಂಗಳು ದುಡಿಯದ ಮನೆಯ ರೇಷನ್. ಹಣವನ್ನು ಆಸ್ಪತ್ರೆಯ ಹೆಸರಿಗೆ ಚೆಕ್ ಬರೆಯುವುದು ಲೆಕ್ಕಕ್ಕೆ ಚಂದ. ಆದರೆ ಮಗನ ಹಾಸಿಗೆ ಪಕ್ಕ ಕೂತ ತಾಯಿಗೆ ಚಹಾ ಕುಡಿಯಲು ಹತ್ತು ರೂಪಾಯಿ ಇರುವುದಿಲ್ಲ. ಐದರಲ್ಲಿ ಒಂದು ಪಾಲನ್ನಾದರೂ ನಗದಾಗಿ ಜೊತೆಗಿದ್ದವರ ಕೈಗೆ ಕೊಡಬೇಕು.

ಡಯಾಲಿಸಿಸ್ ಇನ್ನೂ ಸ್ಪಷ್ಟ ಉದಾಹರಣೆ. 2016ರಲ್ಲಿ ಘೋಷಣೆಯಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಬಡವರಿಗೆ ಅದು ಉಚಿತ. ಯಂತ್ರದ ಮೇಲೆ ನಾಲ್ಕು ಗಂಟೆ, ವಾರಕ್ಕೆ ಎರಡು ಅಥವಾ ಮೂರು ಸಲ. ಮೂರು ಸಲ ಎಂದರೆ ತಿಂಗಳಿಗೆ ಹದಿಮೂರು ಓಡಾಟ. ಒಂದು ಬದಿಯ ಬಸ್ ದರ 50 ರೂ. ಎಂದು ಹಿಡಿದರೂ 1,300 ರೂ. ಆಯಿತು. ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸಿನಲ್ಲಿ ಹೆಂಡತಿಗೆ ಟಿಕೆಟ್ ಇಲ್ಲ, ರೋಗಿಯಾದ ಗಂಡನಿಗೆ ಇದೆ. ಡಯಾಲಿಸಿಸ್ ಮುಗಿಸಿ ಬಸವಳಿದ ದೇಹಕ್ಕೆ ಬಸ್ ಹತ್ತಲಾಗದ ದಿನ ಆಟೊ ಬೇಕು. ಇಂಥ ಸಣ್ಣ, ಎಡೆಬಿಡದ ಖರ್ಚಿಗೆ ಹಣ ಸಾಲದೆ ಜನ ಒಂದು ವಾರ ತಪ್ಪಿಸುತ್ತಾರೆ, ನೀರು ತುಂಬಿ ಉಸಿರಾಟಕ್ಕೆ ತೊಂದರೆಯಾಗಿ ತುರ್ತು ಘಟಕ ಸೇರುತ್ತಾರೆ. ಒಮ್ಮೆ ಕೊಡುವ 25,000ಕ್ಕಿಂತ ತಿಂಗಳು ತಿಂಗಳು ತಪ್ಪದೆ ಬರುವ 1,500 ಇಲ್ಲಿ ಜೀವ ಉಳಿಸುತ್ತದೆ. ಆದರೆ ಅದಕ್ಕೆ ಫಲಕದಲ್ಲಿ ಹೆಸರು ಬರುವುದಿಲ್ಲ, ಹೀಗಾಗಿ ದಾನಿಗಳು ಸಿಗುವುದು ಕಷ್ಟ. ಹನ್ನೆರಡು ಮನೆಯವರು ಸೇರಿ ವರ್ಷಕ್ಕೆ ಒಂದೊಂದು ತಿಂಗಳು ಹಂಚಿಕೊಂಡರೆ ಯಾರಿಗೂ ಹೊರೆಯಾಗದು.

ಒಂದು ಮೇಜು, ಎರಡು ಕುರ್ಚಿ

ಧಾರ್ಮಿಕ ಸ್ಥಳಗಳು ಕೊಡಬಹುದಾದ ದೊಡ್ಡ ನೆರವು ಕಾಗದಪತ್ರದ್ದು. ವಾರಕ್ಕೊಂದು ದಿನ, ಭಾನುವಾರದ ಪೂಜೆ ಮುಗಿದ ಮೇಲೆ, ಶುಕ್ರವಾರದ ನಮಾಜಿನ ನಂತರ, ಸಂಕಷ್ಟಿಯ ಸಂಜೆ, ನಿವೃತ್ತ ಗುಮಾಸ್ತರೋ ಶಿಕ್ಷಕರೋ ಒಬ್ಬರು ಎರಡು ಗಂಟೆ ಕೂತರೆ ಸಾಕು. ಅವರು ನೋಡಬೇಕಾದ್ದು ಇಷ್ಟು: ರೇಷನ್ ಕಾರ್ಡಿನಲ್ಲಿ ಎಲ್ಲರ ಕೆವೈಸಿ ಆಗಿದೆಯೇ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಕಾರ್ಡ್ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ, ನೇರ ವರ್ಗಾವಣೆಯ ಹಣ ಯಾವ ಖಾತೆಗೆ ಜೋಡಣೆಯಾಗಿದೆ.

ತಪ್ಪುಗಳಿಗೆ ಇಲ್ಲಿಯದೇ ಚಹರೆ ಇದೆ. ಫರ್ನಾಂಡಿಸ್, ರೊಡ್ರಿಗಸ್‌ನಂಥ ಅಡ್ಡಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ಕಾಗುಣಿತ. ಮಹಮ್ಮದ್, ಮೊಹಮ್ಮದ್, ಬರೀ ಎಂ.ಡಿ. ಮೂರೂ ಒಬ್ಬನೇ ಮನುಷ್ಯ. ಹಾಲಕ್ಕಿ ಸಮುದಾಯದ ಹೆಂಗಸಿನ ಹೆಸರಿನ ಮುಂದೆ ಒಂದರಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಗಂಡನದ್ದು. ಅಘನಾಶಿನಿ ಅಳಿವೆಯಲ್ಲಿ ಬಳಚು ಹೆಕ್ಕುವವರ, ಮೀನು ಸೀಳುವವರ, ಕಲ್ಲು ಹೊರುವವರ ಬೆರಳಚ್ಚು ಸವೆದು ಯಂತ್ರ ಓದುವುದೇ ಇಲ್ಲ. ಅವರನ್ನು ನ್ಯಾಯಬೆಲೆ ಅಂಗಡಿಯಿಂದ ಬರಿಗೈಯಲ್ಲಿ ಕಳಿಸದಂತೆ ಮೊಬೈಲ್ ಒಟಿಪಿ ಅಥವಾ ಕಣ್ಣಿನ ಗುರುತು ಬಳಸಲು ಕೇಳಬೇಕು. ಒಟಿಪಿ ಬರಬೇಕಾದರೆ ಆಧಾರ್‌ಗೆ ಜೋಡಿಸಿದ ನಂಬರ್ ಚಾಲ್ತಿಯಲ್ಲಿರಬೇಕು. ಗೃಹಲಕ್ಷ್ಮಿಯ 2,000 ರೂ. ಬಂದಿಲ್ಲ ಎಂದು ಅಳುವವರಲ್ಲಿ ಹಲವರ ಹಣ ಅವರೇ ಮರೆತ ಇನ್ನೊಂದು ಖಾತೆಯಲ್ಲಿ ಕೂತಿರುತ್ತದೆ, ಏಕೆಂದರೆ ಹಣ ಹೋಗುವುದು ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ.

ಗಂಡ ಸತ್ತ ಮನೆಗೆ ಹದಿಮೂರನೇ ದಿನದೊಳಗೆ ಎಲ್ಲರೂ ಬಂದು ಹೋಗುತ್ತಾರೆ. ಮರಣ ಪ್ರಮಾಣಪತ್ರ, ರೇಷನ್ ಕಾರ್ಡಿನಲ್ಲಿ ಹೆಸರು ಬದಲಾವಣೆ, ನಾಡಕಚೇರಿಯಲ್ಲಿ ವಿಧವಾ ವೇತನದ ಅರ್ಜಿ, ಬ್ಯಾಂಕಿನ ವಿಮೆ, ಇವುಗಳ ಬಗ್ಗೆ ಆಗ ಯಾರೂ ಮಾತೆತ್ತುವುದಿಲ್ಲ. ಬ್ಯಾಂಕಿನಲ್ಲಿ ವರ್ಷಕ್ಕೊಮ್ಮೆ 436 ರೂ. ಕಡಿತವಾಗುತ್ತಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ, 2 ಲಕ್ಷ ರೂ. ಬರಬೇಕು. ಪಾಸ್‌ಬುಕ್ಕಿನ ಆ ಒಂದು ಸಾಲನ್ನು ಓದಿ ಹೇಳುವವರು ಬೇಕು. ಕ್ರಿಯೆ ಮಾಡಿಸಿದ ಪುರೋಹಿತರಿಗೆ, ಜನಾಜಾಕ್ಕೆ ನಿಂತ ಇಮಾಮರಿಗೆ, ಮಣ್ಣು ಕೊಟ್ಟ ಫಾದರ್‌ಗೆ ಆ ಮನೆಯ ಒಳಗೆ ಇರುವ ಪ್ರವೇಶ ಯಾವ ಅಧಿಕಾರಿಗೂ ಇಲ್ಲ.

ಓದಿನ ನೆರವಿನಲ್ಲೂ ಇದೇ ಕತೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಪುಸ್ತಕ, ಸಮವಸ್ತ್ರ, ಬಿಸಿಯೂಟ ಸಿಗುತ್ತದೆ. ಆದರೂ ನೋಟ್‌ಬುಕ್ ವಿತರಣೆ ಎಲ್ಲರಿಗೂ ಇಷ್ಟದ ಕಾರ್ಯಕ್ರಮ. ಮಕ್ಕಳು ಓದು ಬಿಡುವುದು ಪಿಯುಸಿ ಮತ್ತು ಡಿಪ್ಲೊಮಾದ ಹಂತದಲ್ಲಿ. ಕಾಲೇಜು ಜೂನ್‌ನಲ್ಲಿ ಶುಲ್ಕ ಕೇಳುತ್ತದೆ, ವಿದ್ಯಾರ್ಥಿವೇತನ ಬರುವುದು ತಿಂಗಳುಗಟ್ಟಲೆ ತಡವಾಗಿ. ಈ ನಡುವಿನ ಅವಧಿಗೆ ಸಂಸ್ಥೆ ಶುಲ್ಕವನ್ನು ಮುಂಗಡವಾಗಿ ಕಟ್ಟಿ, ವಿದ್ಯಾರ್ಥಿವೇತನ ಬಂದಾಗ ಹಿಂದಕ್ಕೆ ಪಡೆದರೆ ಅದೇ ಹಣ ಮುಂದಿನ ವರ್ಷ ಇನ್ನೊಬ್ಬರಿಗೆ ಸಿಗುತ್ತದೆ.

ಕಂತು ಕಟ್ಟುವ ವಾರ

ಬಡಮನೆಯ ವಾರ ಈಗ ಕಿರುಸಾಲ ಕೊಡುವ ಸಂಘದ ಕಂತಿನ ಸುತ್ತ ತಿರುಗುತ್ತದೆ. ಒಂದೇ ಮನೆಗೆ ಮೂರು ನಾಲ್ಕು ಕಡೆಯ ಸಾಲ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಕಿರುಸಾಲ ಪಡೆದ ಕುಟುಂಬದ ತಿಂಗಳ ಕಂತೆಲ್ಲ ಸೇರಿ ಆದಾಯದ ಅರ್ಧ ಮೀರಬಾರದು. ಆದರೆ ಬೋಟು ನಡೆಯುವ ತಿಂಗಳ ಆದಾಯ ಹಿಡಿದು ಲೆಕ್ಕ ಮಾಡಿದ ಸಾಲ, ಬೋಟು ಕಟ್ಟಿದ ಜುಲೈನಲ್ಲಿ ಪೂರಾ ಆದಾಯವನ್ನೇ ನುಂಗುತ್ತದೆ. ವಸೂಲಿಯ ಕಿರುಕುಳ ತಡೆಯಲು ರಾಜ್ಯ 2025ರಲ್ಲಿ ಕಾನೂನು ತಂದಿದೆ. ಕಿರುಕುಳವಾದರೆ ಪೊಲೀಸ್ ಠಾಣೆಗೆ ದೂರು ಕೊಡಲು ಹೆಂಗಸರ ಜೊತೆ ಹೋಗುವವರು ಬೇಕು. ಮಠ, ಜಮಾತ್, ಚರ್ಚುಗಳ ಆಶ್ರಯದಲ್ಲೇ ನಡೆಯುವ ಉಳಿತಾಯ ಗುಂಪುಗಳಾದರೂ ಜೂನ್, ಜುಲೈಗೆ ಕಂತಿನ ಬಿಡುವು ಕೊಟ್ಟು ಅವಧಿಯನ್ನು ಎರಡು ತಿಂಗಳು ಮುಂದೂಡಬೇಕು. ಬಡ್ಡಿಯಿಲ್ಲದ ಕರ್ಜೆ ಹಸನಾ ಕೊಡುವವರು ಎಚ್ಚರ ವಹಿಸಬೇಕಾದ್ದು ಇನ್ನೊಂದರಲ್ಲಿ: ಚಿಕಿತ್ಸೆಗೆ, ಊಟಕ್ಕೆ ಬೇಕಾದ ಹಣವನ್ನು ಸಾಲವಾಗಿ ಕೊಡಬಾರದು. ಅದು ಮರಳುವುದಿಲ್ಲ, ನಾಚಿಕೆಯಿಂದ ಆ ಮನೆಯವರು ಮಸೀದಿಗೆ ಬರುವುದನ್ನೂ ನಿಲ್ಲಿಸುತ್ತಾರೆ.

ಯಾರ ಪಟ್ಟಿಯಲ್ಲೂ ಇಲ್ಲದವರು

ಚರ್ಚಿಗೆ ಕುಟುಂಬಗಳ ನೋಂದಣಿ ಇದೆ, ಜಮಾತಿಗೆ ಸದಸ್ಯರ ಪಟ್ಟಿ ಇದೆ, ದೇವಸ್ಥಾನಕ್ಕೆ ಸೀಮೆ ಇದೆ. ಗದಗ, ಹಾವೇರಿ, ಕೊಪ್ಪಳದ ಕಡೆಯಿಂದ ಬಂದು ಕಾರವಾರ, ಭಟ್ಕಳದ ಕಟ್ಟಡಗಳ ಪಕ್ಕ ಶೆಡ್ಡಿನಲ್ಲಿ ಇರುವ ಕುಟುಂಬ ಈ ಮೂರರಲ್ಲೂ ಇಲ್ಲ. ಅವರ ರೇಷನ್ ಕಾರ್ಡ್ ಊರಲ್ಲಿ, ಅತ್ತೆಯ ಕೈಯಲ್ಲಿ. ಯಲ್ಲಾಪುರ, ಹಳಿಯಾಳ, ಅಂಕೋಲಾದ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಒಂದೇ ಹಾಡಿಯಲ್ಲಿ ಒಂದು ಧರ್ಮದ ಸಂಸ್ಥೆ ತನ್ನವರಿಗಷ್ಟೇ ಕೊಟ್ಟು ಹೋದರೆ ಹಿಂದೆ ಉಳಿಯುವುದು ಅಣ್ಣತಮ್ಮಂದಿರ ನಡುವಿನ ಕಹಿ. ಝಕಾತಿನಂತೆ ಶಾಸ್ತ್ರವೇ ಅರ್ಹರನ್ನು ಗೊತ್ತುಮಾಡಿರುವ ಹಣವನ್ನು ಬಿಟ್ಟು, ಉಳಿದ ನೆರವಿಗೆ ವಾರ್ಡನ್ನು ಗಡಿಯಾಗಿ ಇಟ್ಟುಕೊಳ್ಳುವುದು ಸರಿ. ಈ ವಾರ್ಡಿನಲ್ಲಿ ಇವತ್ತು ವಾಸವಿದ್ದರೆ ಸಾಕು. ಕಿಟ್‌ನ ಒಳಗೆ ದೇವರ ಪಟವಾಗಲಿ ಧರ್ಮದ ಕರಪತ್ರವಾಗಲಿ ಇಡುವುದು, ಪ್ರಾರ್ಥನೆಗೆ ಕೂತವರಿಗೆ ಮೊದಲು ಕೊಡುವುದು ಬೇಡ. ರೆಡ್‌ಕ್ರಾಸ್ ಚಳವಳಿಯ 1994ರ ನೀತಿಸಂಹಿತೆ ನೆರವನ್ನು ಯಾವ ಧಾರ್ಮಿಕ, ರಾಜಕೀಯ ನಿಲುವಿನ ಪ್ರಚಾರಕ್ಕೂ ಬಳಸಬಾರದು ಎನ್ನುತ್ತದೆ. ಪದೇ ಪದೇ ಅನುಮಾನದ ಗಾಳಿ ಏಳುವ ನಮ್ಮ ಕರಾವಳಿಯಲ್ಲಿ ಈ ನಿಯಮವನ್ನು ಗೋಡೆಯ ಮೇಲೆ ಬರೆದು ಹಾಕಿದರೆ ಕೊಡುವವರಿಗೂ ರಕ್ಷಣೆ.

ಮನೆ ಭೇಟಿಗೆ ಚರ್ಚುಗಳಲ್ಲಿರುವ ವಿನ್ಸೆಂಟ್ ಡಿ ಪಾಲ್ ಸಂಘದ ಪದ್ಧತಿ ಎಲ್ಲರೂ ಕಲಿಯುವಂಥದ್ದು. 1833ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ಈ ಸಂಘದ ಸದಸ್ಯರು ಇಬ್ಬಿಬ್ಬರಾಗಿ ಮನೆಗೆ ಹೋಗುತ್ತಾರೆ, ಕೂತು ಮಾತಾಡುತ್ತಾರೆ, ಕಂಡದ್ದನ್ನು ಹೊರಗೆ ಹೇಳುವುದಿಲ್ಲ. ಇಬ್ಬರಲ್ಲಿ ಒಬ್ಬರು ಹೆಂಗಸಾಗಿದ್ದರೆ ಅಡುಗೆಮನೆಯ ನಿಜ ತಿಳಿಯುತ್ತದೆ.

ಒಂದೇ ಮನೆಗೆ ನಾಲ್ಕು ಕಡೆಯಿಂದ ಕಿಟ್ ಹೋಗಿ ಪಕ್ಕದ ಮನೆ ಬರಿದಾಗುವುದನ್ನು ತಪ್ಪಿಸಲು ಸಂಸ್ಥೆಗಳ ನಡುವೆ ಒಂದು ಸಾಮಾನ್ಯ ನೋಂದಣಿ ಬೇಕು. ಅದರಲ್ಲಿ ಹೆಸರು, ಜಾತಿ, ಕಾಯಿಲೆ ಯಾವುದೂ ಬೇಡ. ವಾರ್ಡ್, ರೇಷನ್ ಕಾರ್ಡಿನ ಕೊನೆಯ ನಾಲ್ಕು ಅಂಕಿ, ತಿಂಗಳು, ಕೊಟ್ಟ ನೆರವಿನ ಬಗೆ, ಇಷ್ಟಿದ್ದರೆ ಸಾಕು. ಆಧಾರ್ ನಕಲನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುವ ಚಾಳಿ ಮೊದಲು ನಿಲ್ಲಬೇಕು.

ಪಟ್ಟಿ ಮಾಡುವಾಗ ಎಲ್ಲರೂ ಮರೆಯುವ ಮನೆಗಳು ಇನ್ನೂ ಕೆಲವಿವೆ. ವರ್ಷಕ್ಕೆ 5 ಲಕ್ಷ ರೂ.ಗಿಂತ ಕಡಿಮೆ ಆದಾಯದ ಸಿ ವರ್ಗದ ಮುಜರಾಯಿ ದೇವಸ್ಥಾನದ ಅರ್ಚಕರು, ಸಣ್ಣ ಮಸೀದಿಯಲ್ಲಿ ಅಜಾನ್ ಕೂಗುವ ಮೌಝನ್, ಚರ್ಚಿನ ಗಂಟೆ ಬಾರಿಸಿ ಕಸ ಗುಡಿಸುವವರು. ಊರಿಗೆಲ್ಲ ಹಂಚುವ ಚೀಲವನ್ನು ಅವರ ಕೈಯಲ್ಲೇ ಹೊರಿಸುತ್ತೇವೆ. ಅವರ ಆರೋಗ್ಯ ಕಾರ್ಡ್ ಆಗಿದೆಯೇ ಎಂದು ಆಡಳಿತ ಮಂಡಳಿ ಕೇಳಿರುವುದಿಲ್ಲ.

ಲೆಕ್ಕ ಮತ್ತು ಕಾನೂನು

ಇದನ್ನು ಚುಟುಕಾಗಿ ಹೇಳಬಹುದು. ಮುಜರಾಯಿಗೆ ಸೇರಿದ ದೇವಸ್ಥಾನವಾದರೆ ಹುಂಡಿಯ ಹಣವನ್ನು ವ್ಯವಸ್ಥಾಪನಾ ಸಮಿತಿ ಮನಸ್ಸಿಗೆ ಬಂದಂತೆ ಹಂಚಲಾಗದು. ವರ್ಷದ ಆಯವ್ಯಯದಲ್ಲೇ ಸಾಮಾಜಿಕ ನೆರವಿನ ಸಾಲು ಸೇರಿಸಿ ಮಂಜೂರಾತಿ ಪಡೆಯಬೇಕು, ಇಲ್ಲವಾದರೆ ಭಕ್ತರ ಪ್ರತ್ಯೇಕ ಟ್ರಸ್ಟ್ ಮಾಡಿಕೊಳ್ಳಬೇಕು. ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವ ನೋಂದಣಿ ಇರುವ ಟ್ರಸ್ಟ್‌ಗೆ 2,000 ರೂ. ಮೀರಿ ನಗದು ಕೊಟ್ಟರೆ ಆ ರಿಯಾಯಿತಿ ಸಿಗದು. ಕೊಲ್ಲಿ ದೇಶಗಳಿಂದ ಬರುವ ಹಣದ ಬಗ್ಗೆ ಗೊಂದಲ ಬಹಳ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ದುಡಿಮೆಯಿಂದ ಬ್ಯಾಂಕ್ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆಯಲ್ಲ. ವಿದೇಶಿ ಪೌರತ್ವ ಪಡೆದ ಬಂಧುವೋ ಅಲ್ಲಿಯ ಸಂಸ್ಥೆಯೋ ಕಳಿಸಿದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಅದು ಸ್ಟೇಟ್ ಬ್ಯಾಂಕಿನ ದಿಲ್ಲಿ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು, ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ಖರ್ಚು ಶೇ 20 ಮೀರುವಂತಿಲ್ಲ.

ಮಳೆಗಾಲದ ಕೆಲಸ ಮೇ ತಿಂಗಳಲ್ಲೇ ಮುಗಿಯಬೇಕು. ಮೊದಲ ವಾರದಲ್ಲಿ ಮನೆ ಭೇಟಿ ಮತ್ತು ಪಟ್ಟಿ. ಎರಡನೆಯ ವಾರ ಕೆವೈಸಿ ನಿಂತವರನ್ನು ಕರೆದೊಯ್ದು ಸರಿಪಡಿಸುವುದು, ಏಕೆಂದರೆ ಜೂನ್‌ನಲ್ಲಿ ಕರೆಂಟೂ ಸರ್ವರ್ರೂ ಕೈಕೊಡುತ್ತವೆ. ಮೂರನೆಯ ವಾರ ಕಿರಾಣಿ ಅಂಗಡಿಗಳ ಜೊತೆ ದರ ಮಾತಾಡಿ ಕೂಪನ್ ಅಚ್ಚು ಹಾಕಿಸುವುದು, ಟಾರ್ಪಾಲ್ ಖರೀದಿ. ಕೊನೆಯ ವಾರ ಕಾಲೇಜುಗಳಿಗೆ ಹೋಗಿ ಶುಲ್ಕದ ಕೊನೆಯ ದಿನಾಂಕ ಬರೆದುಕೊಂಡು ಬರುವುದು. ಮೇ 31ರೊಳಗೆ ಮೊದಲ ಕಂತಿನ ಕೂಪನ್ ಮನೆಮನೆ ಮುಟ್ಟಿರಬೇಕು. ಆರೋಗ್ಯಮಿತ್ರರ ಮತ್ತು ತಾಲೂಕು ಆಸ್ಪತ್ರೆಯ ಫೋನ್ ನಂಬರ್ ಬರೆದ ಚೀಟಿಯನ್ನು ಅದೇ ಲಕೋಟೆಯಲ್ಲಿ ಇಡಬೇಕು, ದೊಡ್ಡ ಅಕ್ಷರದಲ್ಲಿ, ರೇಷನ್ ಕಾರ್ಡಿನ ಹಿಂಬದಿಗೆ ಅಂಟಿಸಲು ಬರುವ ಅಳತೆಯಲ್ಲಿ.